ಬೀಗ ಬಿದ್ದ ಒಲೆ

ಸೌದೆ ಒಲೆ ಕಿತ್ತುಹಾಕಿಸೋಣ ಎಂಬ ಮಾತನ್ನು ಮೊದಲು ಎತ್ತಿದವಳು ಚಾಮುಂಡಮ್ಮ. ಅವಳ ಗಂಡ ಮಹದೇವಪ್ಪನಿಗೆ ಅದು ಒಂಚೂರೂ ಇಷ್ಟವಿರಲಿಲ್ಲ. ರಾವಂದೂರಿನ ಆಚೆಗಿದ್ದ ಹೊಗೆಸೊಪ್ಪಿನ ಹೊಲ, ಹೊಲದ ತಲೆಯಲ್ಲಿದ್ದ ಬ್ಯಾರನ್ ಮನೆ, ಎರಡೂ ಅವನ ಅಪ್ಪನ ಕಾಲದವು. ಹಸಿ ಸೊಪ್ಪನ್ನು ಕೋಲುಗಳಿಗೆ ಕಟ್ಟಿ, ಆ ಎತ್ತರದ ಕಟ್ಟಡದೊಳಗೆ ಸಾಲುಸಾಲಾಗಿ ತೂಗುಹಾಕಿ, ಕೆಳಗಿನ ಒಲೆಯಿಂದ ಐದಾರು ದಿನ ಶಾಖ ಕೊಟ್ಟರೆ ಸೊಪ್ಪು ಹಳದಿಗೆ ತಿರುಗಿ, ಒಣಗಿ, ಹರಾಜಿಗೆ ಹೋಗುವ ಹದಕ್ಕೆ ಬರುತ್ತಿತ್ತು. ಅಷ್ಟೂ ದಿನ ಒಲೆ ಉರಿಯಲೇಬೇಕು. ಮೊದಮೊದಲು ಬದುವಿನ ಮರಗಳು ಆ ಒಲೆಗೆ ಹೋದವು. ಆಮೇಲೆ ಲಾರಿಯಲ್ಲಿ ಸೌದೆ ಬರತೊಡಗಿತು.

"ಬದುನಲ್ಲಿ ಕೂತ್ಕೊಳ್ಳಕೆ ಒಂದು ನೆರಳಿಲ್ಲ. ನಂಗೆ ಕಣ್ಣು ಕಾಣ್ದಂಗಾಗದೆ. ಇನ್ನೆಷ್ಟು ವರ್ಷ ಈ ಹೊಗೆ ಕುಡೀಲಿ?" ಎಂದು ಚಾಮುಂಡಮ್ಮ ಕೇಳಿದಳು.

ಬೇಸಿಗೆಯಲ್ಲಿ ಹಸಿರುಜ್ವಾಲೆ ಎಂಬ ಕಂಪನಿಯ ವ್ಯಾನು ಊರಿಗೆ ಬಂದಿತ್ತು. ಕಾಫಿ ಹೊಟ್ಟು, ಜೋಳದ ಬೆಂಡು ಎಲ್ಲ ಪುಡಿಮಾಡಿ ಒತ್ತಿದ ಸಣ್ಣ ಗುಳಿಗೆಗಳನ್ನು ಉರಿಸುವ ಒಲೆ ಅವರದು. ಗುಳಿಗೆ ನೋಡಲು ದನಕ್ಕೆ ಹಾಕುವ ಹಿಂಡಿಯಂತೆಯೇ ಇದ್ದುದರಿಂದ ಊರವರು ಅದನ್ನು ಹಿಂಡಿ ಒಲೆ ಎಂದೇ ಕರೆದರು. ಗುಳಿಗೆಯನ್ನು ಒಲೆಯೊಳಕ್ಕೆ ತಳ್ಳುವುದಕ್ಕೆ ಒಂದು ಮೋಟಾರು, ಗಾಳಿ ಊದುವುದಕ್ಕೆ ಒಂದು ಬ್ಲೋವರು, ಇವೆರಡಕ್ಕೂ ಕರೆಂಟು ಕೊಡಲು ಬ್ಯಾರನ್ನಿನ ಮೇಲೆ ಸೋಲಾರ್ ಹಲಗೆ, ಪಕ್ಕದಲ್ಲಿ ಬ್ಯಾಟರಿ. ಎಷ್ಟು ಶಾಖ ಯಾವಾಗ ಬೇಕು ಎಂಬುದನ್ನು ಗೋಡೆಗೆ ಹೊಡೆದ ಒಂದು ಬಿಳಿ ಪೆಟ್ಟಿಗೆಯೇ ನೋಡಿಕೊಳ್ಳುತ್ತಿತ್ತು. ಆ ಪೆಟ್ಟಿಗೆಯೊಳಗೆ ಒಂದು ಸಿಮ್ಮು. ಬ್ಯಾರನ್ ಒಳಗಿನ ಶಾಖ ಚಾಮುಂಡಮ್ಮನ ಫೋನಿಗೂ ಬರುತ್ತಿತ್ತು, ದೂರದ ಯಾವುದೋ ಊರಿನಲ್ಲಿದ್ದ ಕಂಪನಿಯ ಕಂಪ್ಯೂಟರಿಗೂ ಹೋಗುತ್ತಿತ್ತು.

ಮಹದೇವಪ್ಪ ಕೊನೆಗೆ ಒಪ್ಪಿದ. ಅಕ್ಕಪಕ್ಕದವರೂ ಒಪ್ಪಿದರು. ಅದರಿಂದ ಕೆಲಸ ಕಳೆದುಕೊಂಡವನು ಅಂಕಯ್ಯ. ಆ ಸುತ್ತಿನ ನಾಲ್ಕಾರು ಬ್ಯಾರನ್ನುಗಳಿಗೆ ಬೆಂಕಿ ಹಾಕುತ್ತ ಬಂದವನು ಅವನೇ. ಹಳೇ ಬ್ಯಾರನ್ ಕೆಲಸಗಾರರಿಗೆ ತರಬೇತಿ ಕೊಟ್ಟು ಹೊಸ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಕಂಪನಿಯವರು ಮೈಕಿನಲ್ಲಿ ಹೇಳಿದ್ದರು. ಅಂಕಯ್ಯ ಒಗೆದ ಶರಟು ಹಾಕಿಕೊಂಡು ಹೋಗಿದ್ದ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಕೇಳಿದರು, ಸ್ಮಾರ್ಟ್ ಫೋನ್ ಇದೆಯೇ ಎಂದು ಕೇಳಿದರು, ಎರಡೂ ಇಲ್ಲ ಎಂದಾಗ ಒಂದು ಟೋಪಿ ಕೊಟ್ಟು ಕಳಿಸಿದರು. ಆಮೇಲೆ ಅವನು ಕೊಡಗಿನ ಕಾಫಿ ತೋಟಕ್ಕೆ ಕೂಲಿಯವರನ್ನು ತುಂಬಿಕೊಂಡು ಹೋಗುವ ಜೀಪು ಹತ್ತತೊಡಗಿದ. ಮಹದೇವಪ್ಪ ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಕಂಪನಿ ಕೆಲಸಕ್ಕೆ ತೆಗೆದುಕೊಂಡದ್ದು ರೂಪಶ್ರೀಯಂಥವರನ್ನು. ಮಿರ್ಲೆಯ ಹುಡುಗಿ. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮಾಡಿ, ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನ ಎದುರು ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದಳು. ಒಡೆದ ಪರದೆ, ನೀರಿಗೆ ಬಿದ್ದ ಫೋನು, ಸುಟ್ಟ ಚಾರ್ಜರು, ಬಿಚ್ಚಿ ನೋಡುವುದು ಅವಳಿಗೆ ಅಭ್ಯಾಸ. ಫೀಲ್ಡ್ ಟೆಕ್ನಿಷಿಯನ್ ಎಂಬ ಕೆಲಸ ಸಿಕ್ಕಾಗ ಮನೆಯಲ್ಲಿ ಎಲ್ಲರೂ ಹಿಗ್ಗಿದ್ದರು. ಅವಳೂ ಹಿಗ್ಗಿದ್ದಳು. ಮೈಸೂರಿನ ಒಂದು ಹೋಟೆಲಿನ ಹಾಲಿನಲ್ಲಿ ತರಬೇತಿ ಆಯಿತು. ಒಲೆಯ ವಿಷಯ ಮೊದಲ ದಿನ ಬೆಳಿಗ್ಗೆಗೇ ಮುಗಿಯಿತು. ಉಳಿದ ದಿನವೆಲ್ಲ ಆ್ಯಪಿನಲ್ಲಿ ಫೋಟೋ ಹಾಕುವುದು ಹೇಗೆ, ರೈತರ ಹತ್ತಿರ ನಗುನಗುತ್ತ ಮಾತಾಡುವುದು ಹೇಗೆ, ದೂರು ಬಂದರೆ ಅದನ್ನು ನಂಬರು ಕೊಟ್ಟು ದಾಖಲಿಸುವ ಟಿಕೆಟ್ ಹಾಕುವುದು ಹೇಗೆ.

"ಸರ್, ಈ ಪೆಟ್ಟಿಗೆ ಬಿಚ್ಚಿ ಒಳಗೇನಿದೆ ಅಂತ ತೋರಿಸ್ತೀರಾ?" ಎಂದು ಅವಳು ಕೇಳಿದ್ದಳು.

"ಅದು ಲೆವೆಲ್ ಟೂ. ನೀವು ಲೆವೆಲ್ ಒನ್" ಎಂದು ತರಬೇತಿ ಕೊಡುತ್ತಿದ್ದವನು ಮುಂದಿನ ಸ್ಲೈಡಿಗೆ ಹೋಗಿದ್ದ.

ಮೊದಲ ಎರಡು ಸಲ ತುಂಬಿಸಿದ ಸೊಪ್ಪು ಚೆನ್ನಾಗಿಯೇ ಬಂತು. ನಿಂಬೆಹಣ್ಣಿನ ಬಣ್ಣ. ಚಾಮುಂಡಮ್ಮ ಪ್ರತಿಯೊಬ್ಬರಿಗೂ ಒಂದು ಎಲೆ ಬೆಳಕಿಗೆ ಹಿಡಿದು ತೋರಿಸಿದಳು. ಕಣ್ಣುರಿ ಇಲ್ಲ, ಕೆಮ್ಮಿಲ್ಲ. ರೂಪಶ್ರೀ ಬಂದಾಗಲೆಲ್ಲ ಕಾಫಿ ಕೊಟ್ಟು, "ಕೂತ್ಕೊ ಮಗ, ನಿನ್ನಿಂದ ಉಸ್ರಾಡ್ತಾ ಇವ್ನಿ" ಎನ್ನುತ್ತಿದ್ದಳು. ರೂಪಶ್ರೀಗೆ ಆ ಮಾತು ಕೇಳಿದಾಗ ಖುಷಿಯೂ ಆಗುತ್ತಿತ್ತು, ಒಳಗೊಳಗೇ ಒಂದು ಅಳುಕೂ ಇರುತ್ತಿತ್ತು. ಒಲೆ ತಾನಾಗಿಯೇ ಉರಿಯುತ್ತಿತ್ತು. ಅವಳು ಮಾಡುತ್ತಿದ್ದದ್ದು ಫೋಟೋ ತೆಗೆಯುವ ಕೆಲಸ ಮಾತ್ರ.

ಮೂರನೇ ಸಲ ಬ್ಯಾರನ್ ತುಂಬಿಸಿದ ಮೇಲೆ ಗಾಳಿಮಳೆ ಹಿಡಿಯಿತು. ರಾವಂದೂರು ಕಡೆಯ ಎಷ್ಟೋ ಕಂಬಗಳು ನೆಲ ಕಂಡವು. ಕರೆಂಟಿಲ್ಲದೆ ಮೊಬೈಲ್ ಟವರು ಸತ್ತಿತು. ಹಿಂಡಿ ಒಲೆಗೆ ಅದರಿಂದ ಏನೂ ತೊಂದರೆಯಿಲ್ಲ, ಅದಕ್ಕೆ ತನ್ನದೇ ಬ್ಯಾಟರಿ ಇದೆ ಎಂದು ಚಾಮುಂಡಮ್ಮ ನೆಮ್ಮದಿಯಾಗಿದ್ದಳು. ಮಾರನೇ ದಿನ ಮಧ್ಯಾಹ್ನ ಅನ್ನಕ್ಕೆ ಕೂತಿದ್ದಾಗ ಬ್ಯಾರನ್ ಕಡೆಯಿಂದ ಬರುತ್ತಿದ್ದ ಮೋಟಾರಿನ ಸದ್ದು ನಿಂತಿತು. ಎದ್ದು ಓಡಿಹೋಗಿ ನೋಡಿದರೆ ಬಿಳಿ ಪೆಟ್ಟಿಗೆಯ ಮೇಲೆ ಕೆಂಪು ಅಕ್ಷರ ಮಿಣುಕುತ್ತಿತ್ತು.

ಫೋನು ಮಾಡೋಣವೆಂದರೆ ಸಿಗ್ನಲ್ ಇಲ್ಲ. ಮಹದೇವಪ್ಪ ಬೈಕು ಹತ್ತಿ ಊರೂರು ಹುಡುಕಿ, ಕೊನೆಗೆ ಪಕ್ಕದೂರಿನ ಬ್ಯಾರನ್ ಒಂದರ ಮುಂದೆ ರೂಪಶ್ರೀಯನ್ನು ಹಿಡಿದ.

"ಬಾರವ್ವ ಬೇಗ, ಒಲೆ ನಿಂತೋಗದೆ!"

ಅವಳು ಬಂದು ಕೆಂಪು ಅಕ್ಷರ ಓದಿದಳು. ಸರ್ವರ್ ಸಂಪರ್ಕ ಇಲ್ಲ, ಸುರಕ್ಷತೆಗಾಗಿ ಲಾಕ್ ಮಾಡಲಾಗಿದೆ, ಕೋಡ್ ಹಾಕಿ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಆರು ಖಾಲಿ ಚೌಕ. ಇಷ್ಟು ಹೊತ್ತು ಕಂಪನಿಯ ಕಂಪ್ಯೂಟರಿನ ಜೊತೆ ಮಾತು ನಿಂತುಹೋದರೆ ಒಲೆ ತಾನೇ ಬೀಗ ಹಾಕಿಕೊಳ್ಳುತ್ತದೆ ಎಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

"ಏನಂತೆ?" ಎಂದು ಚಾಮುಂಡಮ್ಮ ಕೇಳಿದಳು.

"ಕೋಡ್ ಬೇಕಂತೆ ಅಮ್ಮ."

"ಹಾಕು ಮತ್ತೆ."

"ನಂಗೆ ಗೊತ್ತಿಲ್ಲ. ಕೊಟ್ಟಿಲ್ಲ ನಂಗೆ."

ಚಾಮುಂಡಮ್ಮ ಅವಳ ಮುಖವನ್ನೇ ನೋಡಿದಳು. ಅವಳಿಗೆ ಅದು ಅರ್ಥವೇ ಆಗಲಿಲ್ಲ. ಒಲೆ ನೋಡಿಕೊಳ್ಳಲು ಬಂದವಳಿಗೆ ಒಲೆಯ ಬೀಗದ ಕೈ ಕೊಟ್ಟಿಲ್ಲವೇ?

"ಒಳ್ಗಡೆ ಸೊಪ್ಪು ಹಳ್ದಿಗೆ ತಿರ್ಗದೆ ಕಣವ್ವ. ಈಗ್ಲೇ ಶಾಖ ಏರ್ಸಿ ಬಣ್ಣ ಹಿಡಿಸ್ಬೇಕು. ಈಗ ತಣ್ಣಗಾದ್ರೆ ಕಪ್ಪಾಗೋಯ್ತದೆ."

ರೂಪಶ್ರೀ ಸ್ಕೂಟರ್ ತಿರುಗಿಸಿ ಪಿರಿಯಾಪಟ್ಟಣದ ಕಡೆ ಹೊರಟಳು. ಕೆಸರು ಚಕ್ರಕ್ಕೆ ಮೆತ್ತಿಕೊಂಡು ಎರಡು ಕಡೆ ಇಳಿದು ತಳ್ಳಬೇಕಾಯಿತು. ದಿಬ್ಬದ ಮೇಲೆ ಬಂದಾಗ ಫೋನಿನಲ್ಲಿ ಒಂದು ಗೆರೆ ಸಿಗ್ನಲ್ ಕಂಡಿತು. ಅಲ್ಲೇ ರಸ್ತೆ ಬದಿಯಲ್ಲಿ ಮಳೆಯಲ್ಲಿ ನಿಂತು ಸಹಾಯವಾಣಿಗೆ ಫೋನು ಮಾಡಿದಳು. ಹಾಡು ಬಂತು, ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂಬ ಮಾತು ಬಂತು, ಮತ್ತೆ ಹಾಡು ಬಂತು. ಕೊನೆಗೆ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದ.

ಅವಳು ತನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಸೊಪ್ಪು ಬಣ್ಣ ತಿರುಗುವ ಹೊತ್ತು, ಈಗಲೇ ಕೋಡ್ ಬೇಕು.

"ಯಾವ ಸೊಪ್ಪು ಮೇಡಂ?" ಎಂದು ಅವನು ಕೇಳಿದ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ. ಆಮೇಲೆ ತನ್ನ ಮುಂದಿನ ಪರದೆಯಲ್ಲಿ ದೂರಿನ ಕಾರಣ ಆರಿಸಬೇಕು, ಅದರಲ್ಲಿ ಸೊಪ್ಪು ಎಂಬುದು ಇಲ್ಲ, ಹಾಗಾಗಿ 'ಇತರೆ' ಎಂದು ಹಾಕುತ್ತಿದ್ದೇನೆ ಎಂದ. ಟಿಕೆಟ್ ನಂಬರು ಕೊಟ್ಟ. ಸಂಬಂಧಪಟ್ಟ ತಂಡ ಆದಷ್ಟು ಬೇಗ ಸಂಪರ್ಕಿಸುತ್ತದೆ ಎಂದ.

"ಆದಷ್ಟು ಬೇಗ ಅಂದ್ರೆ ಯಾವಾಗ?"

"ಕೆಲಸದ ದಿನಗಳಲ್ಲಿ, ಮೇಡಂ. ಇವತ್ತು ಶನಿವಾರ."

ಅವಳು ಏರಿಯಾ ಮ್ಯಾನೇಜರ್ ಚೇತನ್‌ಕುಮಾರನಿಗೆ ಫೋನು ಮಾಡಿದಳು. ಅವನು ಹುಣಸೂರಿನಲ್ಲಿ ಯಾವುದೋ ಮದುವೆಯಲ್ಲಿದ್ದ, ಹಿಂದೆ ವಾಲಗದ ಸದ್ದು ಕೇಳುತ್ತಿತ್ತು.

"ನನ್ನ ಹತ್ರಾನೂ ಇಲ್ಲ ಕಣಮ್ಮ ಕೋಡು. ದೇವರಾಣೆ. ಹೆಡ್ ಆಫೀಸಿನ ಟೀಮಿನವ್ರು ಯಾರಿಗೂ ಕೊಡಲ್ಲ. ಟಿಕೆಟ್ ಹಾಕಿದ್ಯಲ್ಲ, ಕಾಯಿ."

"ಸೊಪ್ಪು ಕಾಯಲ್ಲ ಸರ್."

"ನಾನೇನ್ ಮಾಡ್ಲಿ ಹೇಳು? ಏನನ್ನೂ ಬಿಚ್ಚೋಕೆ ಮಾತ್ರ ಹೋಗ್ಬೇಡ. ವಾರಂಟಿ ಹೋಗುತ್ತೆ."

ಅವಳಿಗೆ ಕೂಗಬೇಕೆನಿಸಿತು. ದಾರಿಯಲ್ಲಿ ಯಾರೂ ಇರಲಿಲ್ಲ, ಒಂದು ಸಲ ಕೂಗಿಯೂಬಿಟ್ಟಳು. ಆಮೇಲೆ ಸ್ಕೂಟರ್ ತಿರುಗಿಸಿದಳು.

ವಾಪಸು ಬರುವಷ್ಟರಲ್ಲಿ ಮಹದೇವಪ್ಪ ಅಂಕಯ್ಯನನ್ನು ಕರೆತಂದಿದ್ದ. ಹೇಗೆ ಕರೆದನೋ, ಎಷ್ಟು ಬೇಡಿಕೊಂಡನೋ, ಅಂಕಯ್ಯ ಬಂದಿದ್ದ. ಹಳೇ ಸೌದೆಯ ಕುಪ್ಪೆಯಿಂದ ಒಣಗಿದ್ದನ್ನು ಆರಿಸಿ ಒಲೆಯ ಬಾಯಿಗೆ ತುರುಕುತ್ತಿದ್ದ. ಆ ಬಾಯಿ ಗುಳಿಗೆಗೆಂದು ಮಾಡಿದ್ದು, ಕೈ ಹೋದರೆ ಹೆಚ್ಚು. ಸೌದೆ ಅರ್ಧ ಒಳಗೆ, ಅರ್ಧ ಹೊರಗೆ. ಹೊಗೆ ಮೇಲೆ ಹೋಗದೆ ಹಿಂದಕ್ಕೆ ಬಂದು ಎಲ್ಲರ ಮುಖಕ್ಕೆ ಹೊಡೆಯುತ್ತಿತ್ತು.

"ನಿಲ್ಸೋ ಅಂಕಯ್ಯ! ಹೊಗೆ ಒಳಿಕ್ಕೆ ನುಗ್ತಾದೆ!" ಎಂದು ಚಾಮುಂಡಮ್ಮ ಕಿರುಚಿದಳು.

"ನಾನು ಹಾಕ್ದಾಗ ಯಾವತ್ತಾದ್ರೂ ನುಗ್ಗಿತ್ತಾ?" ಎಂದು ಅಂಕಯ್ಯ ಕೆಮ್ಮುತ್ತ ರೇಗಿದ. "ಹಳೇ ಒಲೆ ಕಿತ್ತಾಕಿ ಈ ಮಿಣಿಮಿಣಿ ಪೆಟ್ಗೆ ಇಟ್ಕೊಂಡೋರು ನೀವು. ಈಗ ನನ್ ಮ್ಯಾಲೆ ಕೂಗ್ತೀರಾ?"

"ಇದಕ್ಕೆ ಸೌದೆ ಹಾಕಕ್ಕಾಗಲ್ಲ ಅಣ್ಣ, ಗಾಳಿ ದಾರಿನೇ ಬೇರೆ" ಎಂದು ರೂಪಶ್ರೀ ಹೇಳಿದಳು.

"ಓ, ಮೇಡಮ್ಮೋರು ಬಂದ್ರು. ಹಚ್ಚಿ ನೀವೇ."

ರೂಪಶ್ರೀ ತಿರುಗಿ ನಡೆದಳು. ಸ್ಕೂಟರಿನ ಡಿಕ್ಕಿಯಿಂದ ರಿಪೇರಿ ಅಂಗಡಿಯ ಕಾಲದ ತನ್ನ ಸ್ಕ್ರೂಡ್ರೈವರ್ ತೆಗೆದಳು. ಬಿಳಿ ಪೆಟ್ಟಿಗೆಯ ಅಂಚಿಗೆ ಕಂಪನಿಯ ಸ್ಟಿಕ್ಕರ್ ಅಂಟಿಸಿತ್ತು. ಒಂದು ಗಳಿಗೆ ಬೆರಳು ಅದರ ಮೇಲೆ ನಿಂತಿತು. ಆಮೇಲೆ ಉಗುರಿನಿಂದ ಕಿತ್ತಳು.

ಒಳಗೆ ನೋಡಿದರೆ ಅಂಥ ಬ್ರಹ್ಮವಿದ್ಯೆಯೇನೂ ಇರಲಿಲ್ಲ. ಒಂದು ಬೋರ್ಡು, ಸಿಮ್ಮು, ಕೆಲವು ವೈರು. ಗುಳಿಗೆ ತಳ್ಳುವ ಮೋಟಾರಿನ ವೈರನ್ನು ಬೋರ್ಡಿನಿಂದ ಬಿಡಿಸಿ ಬ್ಯಾಟರಿಗೆ ನೇರವಾಗಿ ಜೋಡಿಸಿ, ನಡುವೆ ಚಾಮುಂಡಮ್ಮನ ಮನೆಯಿಂದ ತಂದ ಒಂದು ಲೈಟಿನ ಸ್ವಿಚ್ಚು ಕೂರಿಸಿದಳು. ಬ್ಲೋವರು ಮಾತ್ರ ಬೋರ್ಡಿನ ಮೂಲಕವೇ ತಿರುಗುವಂಥದ್ದು. ಪುಣ್ಯಕ್ಕೆ ಅದು ನಿಂತಿರಲಿಲ್ಲ, ಬೀಗ ಬಿದ್ದ ಮೇಲೂ ಒಲೆ ತಣ್ಣಗಾಗಲೆಂದು ತಿರುಗುತ್ತಲೇ ಇತ್ತು.

ಸ್ವಿಚ್ಚು ಹಾಕಿದಳು. ಮೋಟಾರು ಗುರ್ ಎಂದಿತು. ಗುಳಿಗೆಗಳು ದಬದಬ ಬಿದ್ದವು. ಎಷ್ಟು ಬಿದ್ದವೆಂದರೆ ಹತ್ತಿಕೊಂಡಿದ್ದ ಬೆಂಕಿಯೇ ಅವುಗಳ ಕೆಳಗೆ ಹೂತುಹೋಯಿತು.

"ಆರ್‌ಸ್ಬುಟ್ಟೆ!" ಎಂದು ಮಹದೇವಪ್ಪ ತಲೆ ಚಚ್ಚಿಕೊಂಡ.

ಅಂಕಯ್ಯ ಒಲೆಯ ಮುಂದೆ ಹೊಟ್ಟೆ ಮೇಲೆ ಮಲಗಿ ಒಳಗೆ ಇಣುಕಿದ. ಒಂದು ಸಲಾಕೆಯಿಂದ ಗುಳಿಗೆಗಳನ್ನು ಪಕ್ಕಕ್ಕೆ ಸರಿಸಿ, ಸ್ವಲ್ಪ ಹೊತ್ತು ಕಾದು, "ಈಗ ಬುಡು" ಎಂದ. ರೂಪಶ್ರೀ ಸ್ವಿಚ್ಚು ಒತ್ತಿದಳು. "ಸಾಕು, ಸಾಕು, ನಿಲ್ಸು." ಆರಿಸಿದಳು. ಉರಿ ಎದ್ದಿತು. ಕಡಿಮೆಯಾಗುವ ಹೊತ್ತಿಗೆ ಅವನು ಮತ್ತೆ "ಬುಡು" ಎಂದ.

ಹಾಗೇ ನಡೆಯಿತು. ಮೊದಲು ಇಬ್ಬರೂ ತಪ್ಪಿದರು. ಒಮ್ಮೆ ಹೆಚ್ಚಾಯಿತು, ಒಮ್ಮೆ ಆರುವುದರಲ್ಲಿತ್ತು, ಅಂಕಯ್ಯ ಬೈದ, ರೂಪಶ್ರೀ ತಿರುಗಿ ಬೈದಳು. ಬರುಬರುತ್ತ ಅವಳ ಕೈಗೂ ಅವನ ಮಾತಿಗೂ ಹೊಂದಿಕೆಯಾಯಿತು. ಚಾಮುಂಡಮ್ಮ ಬ್ಯಾರನ್ ಕಿಂಡಿಯಲ್ಲಿ ನೇತುಹಾಕಿದ್ದ ಹಳೇ ಥರ್ಮಾಮೀಟರು ನೋಡಿ, "ಏರ್ತಾ ಅದೆ, ಏರ್ತಾ ಅದೆ" ಎಂದು ಕೂಗಿದಳು. ಮಹದೇವಪ್ಪ ಎಲ್ಲರಿಗೂ ಟೀ ತಂದುಕೊಟ್ಟ. ಮಳೆ ಸ್ವಲ್ಪ ಬಿಟ್ಟಿತು.

"ಅಲ್ಲ ಕೂಸು," ಎಂದು ಅಂಕಯ್ಯ ಮಲಗಿದಲ್ಲಿಂದಲೇ ಕೇಳಿದ, "ಈ ಒಲೆ ಏನ್ ಅಂಥ ಕಷ್ಟದ್ದಲ್ಲ ಬುಡು. ಸೌದೆಗಿಂತ ಒಳ್ಳೇದು. ಉರಿ ಒಂದೇ ಸಮ ನಿಲ್ತದೆ. ನಂಗೆ ಎರಡು ದಿನ ತೋರ್ಸಿದ್ರೆ ಸಾಕಾಗಿತ್ತು. ಯಾಕೆ ತೋರ್ಸ್ನಿಲ್ಲ?"

"ನಂಗೂ ತೋರ್ಸಿಲ್ಲ ಅಣ್ಣ."

ಅವನು ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ. ರೂಪಶ್ರೀಗೆ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ತಾನು ಕೆಲಸ ಮಾಡುತ್ತಿದ್ದೇನೆ ಎನಿಸಿತು. ಇಬ್ಬರೂ ಸರದಿಯ ಮೇಲೆ ಮಾಡಿದರೆ ಸೊಪ್ಪನ್ನು ಉಳಿಸಬಹುದು ಎಂಬ ನಂಬಿಕೆ ಬಂತು. ಚಾಮುಂಡಮ್ಮನಿಗೆ ಸ್ವಿಚ್ಚು ಒತ್ತುವುದನ್ನು ಕಲಿಸಿದರೆ ಮೂವರಾಗುತ್ತಾರೆ ಎಂದು ಲೆಕ್ಕ ಹಾಕಿದಳು.

ಸಂಜೆಯಾಗುವ ಮೊದಲು ಮಹದೇವಪ್ಪನ ಜೇಬಿನಲ್ಲಿದ್ದ ಫೋನು ಟಿಣ್ ಎಂದಿತು. ಮತ್ತೆ ಟಿಣ್ ಟಿಣ್ ಎಂದಿತು.

"ನೆಟ್‌ವರ್ಕ್ ಬಂತು! ಟವರ್ ಬಂತು ಕಣ್ರೋ!"

ಅವನ ಮಾತು ಮುಗಿಯುವುದರೊಳಗೆ ಬ್ಲೋವರು ನಿಂತುಹೋಯಿತು.

ರೂಪಶ್ರೀ ಪೆಟ್ಟಿಗೆಯ ಕಡೆ ನೋಡಿದಳು. ಕೆಂಪು ಅಕ್ಷರ ಬದಲಾಗಿತ್ತು. ಪೆಟ್ಟಿಗೆ ತೆರೆಯಲಾಗಿದೆ, ಯಂತ್ರವನ್ನು ಪೂರ್ತಿ ನಿಲ್ಲಿಸಲಾಗಿದೆ ಎಂದಿತ್ತು. ಆರು ಚೌಕಗಳೂ ಈಗ ಇರಲಿಲ್ಲ. ಸಿಗ್ನಲ್ ಬಂದ ಕೂಡಲೇ ಪೆಟ್ಟಿಗೆ ಕಂಪನಿಯ ಕಂಪ್ಯೂಟರಿಗೆ ಚಾಡಿ ಹೇಳಿತ್ತು, ಅಲ್ಲಿಂದ ಬಂದ ಉತ್ತರ ಇದು.

ಅವಳು ಬ್ಲೋವರಿನ ವೈರನ್ನು ಬ್ಯಾಟರಿಗೆ ಮುಟ್ಟಿಸಿ ನೋಡಿದಳು. ಅದು ಅಲುಗಲಿಲ್ಲ. ಬೋರ್ಡಿನ ಅಪ್ಪಣೆಯಿಲ್ಲದೆ ಅದು ತಿರುಗುವುದಿಲ್ಲ. ಮಹದೇವಪ್ಪ ಮೊರ ತಂದು ಬೀಸಿದ, ಅಂಕಯ್ಯ ಊದಿದ, ಚಾಮುಂಡಮ್ಮ ಮನೆಯ ಟೇಬಲ್ ಫ್ಯಾನ್ ಹೊತ್ತುಕೊಂಡು ಬಂದಳು. ಹಚ್ಚಲು ಕರೆಂಟೇ ಇರಲಿಲ್ಲ, ಟವರು ಎದ್ದದ್ದು ಜನರೇಟರಿನಿಂದ. ಗಾಳಿಯಿಲ್ಲದ ಗುಳಿಗೆ ಹೊಗೆಯಾಡಿತು, ಕೆಂಡವಾಯಿತು, ಬೂದಿಯಾಯಿತು. ಥರ್ಮಾಮೀಟರು ಇಳಿಯುತ್ತ ಬಂತು.

ಬೆಳಿಗ್ಗೆ ಬಾಗಿಲು ತೆಗೆದಾಗ ವಾಸನೆಯೇ ಎಲ್ಲ ಹೇಳಿತು. ಸೊಪ್ಪು ನೆನೆದ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ಚಾಮುಂಡಮ್ಮ ಕೆಳಗಿನ ಸಾಲಿನಿಂದ ಒಂದು ಎಲೆ ಎಳೆದಳು. ಅದು ಕೈಯಲ್ಲಿ ಅಂಟಿಕೊಂಡಿತು.

"ಇದ್ಕೇ ಹೇಳಿದ್ದು ನಾನು," ಎಂದು ಮಹದೇವಪ್ಪ ಶುರುಮಾಡಿದ. ಅವನು ಹೆಂಡತಿಗೆ ಬೈದ, ಕಂಪನಿಗೆ ಬೈದ, ಕೊನೆಗೆ ರೂಪಶ್ರೀಯ ಕಡೆ ತಿರುಗಿದ. "ನಿಂಗೆ ಏನೂ ಗೊತ್ತಿಲ್ದಿದ್ರೆ ನೀನ್ಯಾಕವ್ವ ಬಂದೆ ಈ ಕೆಲ್ಸಕ್ಕೆ? ಗೊತ್ತಿಲ್ಲ ಅಂತ ಮೊದಲೇ ಹೇಳ್ಬಾರ್ದಿತ್ತಾ?"

ಗೊತ್ತಿಲ್ಲದ್ದಲ್ಲ, ಗೊತ್ತಾಗದ ಹಾಗೆ ಇಟ್ಟಿದ್ದು ಎಂಬ ಮಾತು ಅವಳ ನಾಲಿಗೆಗೆ ಬಂತು. ಆದರೆ ಹಾಳಾದ ಸೊಪ್ಪಿನ ಮುಂದೆ ನಿಂತು ಅಂಥ ಮಾತಾಡಲು ಮನಸ್ಸು ಬರಲಿಲ್ಲ. ಅಂಕಯ್ಯ ಯಾರ ಮುಖವನ್ನೂ ನೋಡದೆ ಎದ್ದುಹೋದ.

ಚೇತನ್‌ಕುಮಾರ ಬಂದದ್ದು ವಾರದ ನಡುವೆ. ಕೆಟ್ಟ ಮನುಷ್ಯನಲ್ಲ. ಸೊಪ್ಪು ನೋಡಿ ನಿಜವಾಗಿಯೂ ಚುಚ್ ಎಂದ. ಆಮೇಲೆ ಹರಿದ ಸ್ಟಿಕ್ಕರಿನ ಫೋಟೋ ತೆಗೆದುಕೊಂಡ.

"ನಿಂಗೆ ಹೇಳಿದ್ನಲ್ಲ ರೂಪಶ್ರೀ. ಪರಿಹಾರ ಕೇಳೋಕೂ ಆಗಲ್ಲ ಈಗ."

"ಲಾಕ್ ಆಗಿದ್ದು ಮೊದಲು ಸರ್. ಸ್ಟಿಕ್ಕರ್ ಕಿತ್ತಿದ್ದು ಆಮೇಲೆ."

"ಸಿಸ್ಟಂನಲ್ಲಿ ಹಂಗಿಲ್ಲ. ನೆಟ್‌ವರ್ಕ್ ಇಲ್ಲದಾಗ ಆಗಿದ್ದು ಯಾವುದೂ ಅಲ್ಲಿ ಇಲ್ಲ. ನೆಟ್‌ವರ್ಕ್ ಬಂದಾಗ ಕಂಡಿದ್ದು ಒಂದೇ, ಪೆಟ್ಟಿಗೆ ತೆಗೆದಿರೋದು."

"ನಾನು ಟಿಕೆಟ್ ಹಾಕಿದ್ನಲ್ಲ?"

"ಅದು 'ಇತರೆ' ಅಂತ ಇದೆ."

ಒಲೆಯನ್ನು ಮತ್ತೆ ತೆರೆಯಲು ತಪಾಸಣೆ ಆಗಬೇಕು, ತಪಾಸಣೆಗೆ ಲೆವೆಲ್ ಟೂ ಆದವರು ಬರಬೇಕು, ಇಡೀ ಜಿಲ್ಲೆಗೆ ಅಂಥವರು ಒಬ್ಬರೇ ಇದ್ದರು, ಅವರೂ ಹೋದ ತಿಂಗಳು ಕೆಲಸ ಬಿಟ್ಟರು ಎಂದು ಚೇತನ್‌ಕುಮಾರ ಸಪ್ಪೆ ದನಿಯಲ್ಲಿ ವಿವರಿಸಿದ. ಮಹದೇವಪ್ಪ ಹೊಲದಲ್ಲಿ ಮುಂದೆ ಹದಕ್ಕೆ ಬಂದ ಸೊಪ್ಪು ಮುರಿಸಿ, ಪಕ್ಕದೂರಿನವರ ಸೌದೆ ಬ್ಯಾರನ್ನಿಗೆ ಒಯ್ದ. ಅದಕ್ಕೆ ಒಂದು ಟ್ರಾಕ್ಟರ್ ಸೌದೆ ಹೋಯಿತು. ಚಾಮುಂಡಮ್ಮ ಆ ಟ್ರಾಕ್ಟರು ಹೋಗುವುದನ್ನು ಹಟ್ಟಿಯ ಬಾಗಿಲಲ್ಲಿ ನಿಂತು ನೋಡಿದಳು. ಅತ್ತಿ ಮರದ ದಿಮ್ಮಿಗಳು, ಮಾವಿನ ಕೊಂಬೆಗಳು.

ಆ ನಡುವೆ ಹುಣಸೂರಿನ ಕಲ್ಯಾಣಮಂಟಪವೊಂದರಲ್ಲಿ ಕಂಪನಿ ರೈತರ ಸಭೆ ಮಾಡಿತು. ಪರದೆಯ ಮೇಲೆ ದೊಡ್ಡದಾಗಿ ನಕ್ಷೆ ಬಿಟ್ಟರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಸರಗೂರಿನವರೆಗೂ ಚುಕ್ಕೆಗಳು. ಚೆನ್ನಾಗಿ ನಡೆಯುತ್ತಿರುವ ಒಲೆಗೆಲ್ಲ ಹಸಿರು ಚುಕ್ಕೆ. ಇಷ್ಟು ಮರ ಉಳಿಯಿತು, ಇಷ್ಟು ಇಂಗಾಲ ಉಳಿಯಿತು ಎಂದು ಹೆಡ್ ಆಫೀಸಿನಿಂದ ಬಂದವರು ಹೇಳುತ್ತ ಹೋದರು. ಹಿಂದಿನ ಸಾಲಿನಲ್ಲಿ ರೂಪಶ್ರೀಯ ಪಕ್ಕ ಕೂತಿದ್ದ ಚಾಮುಂಡಮ್ಮ ಅವಳ ಕೈ ಹಿಡಿದು ಕೇಳಿದಳು.

"ನಮ್ದು ಯಾವ್ದವ್ವ ಅದ್ರಲ್ಲಿ?"

ರೂಪಶ್ರೀ ರಾವಂದೂರಿನ ಪಕ್ಕದ ಚುಕ್ಕೆ ತೋರಿಸಿದಳು. ಅದೂ ಹಸಿರಾಗಿತ್ತು. ತುಂಬಿಸಿದ ಬ್ಯಾರನ್ನು ಖಾಲಿಯಾದರೆ ಕೆಲಸ ಮುಗಿಯಿತೆಂದು ಕಂಪ್ಯೂಟರು ತಿಳಿದುಕೊಳ್ಳುತ್ತಿತ್ತು.

ಚಾಮುಂಡಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಮೈಕಿಲ್ಲದೆಯೇ ಗಟ್ಟಿಯಾಗಿ ಹೇಳಿದಳು.

"ಸ್ವಾಮಿ, ಆ ಹಸ್ರು ಚುಕ್ಕೆ ನಮ್ದು. ನಮ್ ಸೊಪ್ಪು ಪೂರಾ ಕೊಳ್ತೋಯ್ತು. ನಮ್ ಒಲೆ ಬೀಗ ಹಾಕ್ಕಂಡು ಕೂತದೆ. ಅದ್ನ ತೆಗ್ಯಕೆ ಈ ಹೆಣ್ಮಗಳಿಗೆ ನೀವು ಕಲಿಸ್ನಿಲ್ಲ, ನಂಗೂ ಕಲಿಸ್ನಿಲ್ಲ, ಬೆಂಕಿ ಹಾಕ್ತಿದ್ದ ಅಂಕಯ್ಯಂಗೂ ಕಲಿಸ್ನಿಲ್ಲ. ಮತ್ತೆ ಯಾರಿಗ್ ಕಲಿಸೀರಿ?"

ಒಬ್ಬಿಬ್ಬರು ಹೌದೌದು ಎಂದರು. ಎಚ್.ಡಿ. ಕೋಟೆ ಕಡೆಯ ಒಬ್ಬ ರೈತ ಎದ್ದು ತಮ್ಮ ಒಲೆಗೂ ಹೀಗೇ ಬೀಗ ಬಿದ್ದಿತ್ತು ಎಂದ. ವೇದಿಕೆಯ ಮೇಲಿದ್ದವರು ಕೈಮುಗಿದು ನಕ್ಕರು.

"ಬಹಳ ಒಳ್ಳೆಯ ಫೀಡ್‌ಬ್ಯಾಕ್ ಅಮ್ಮ. ಖಂಡಿತ ಗಮನಿಸ್ತೀವಿ. ಈಗ ಎಲ್ಲರೂ ಊಟಕ್ಕೆ ಏಳಬೇಕು."

ಚಾಮುಂಡಮ್ಮ ಊಟ ಮಾಡದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ರೂಪಶ್ರೀ ಅಂದೇ ಚೇತನ್‌ಕುಮಾರನನ್ನು ಕೈ ತೊಳೆಯುವ ಜಾಗದಲ್ಲಿ ಅಡ್ಡಗಟ್ಟಿದಳು. "ನನ್ನ ಲೆವೆಲ್ ಟೂ ಮಾಡಿ ಸರ್. ಇಲ್ಲಾಂದ್ರೆ ನಾಳೆಯಿಂದ ಬರಲ್ಲ." ಹೊಸಬರನ್ನು ಹುಡುಕಿ ತರಬೇತಿ ಕೊಡಿಸುವ ಕಷ್ಟ ಅವನಿಗೆ ಗೊತ್ತಿತ್ತು. ಆನ್‌ಲೈನ್ ಪಾಠಗಳ ಲಿಂಕು ಕಳಿಸಿದ. ಪಿರಿಯಾಪಟ್ಟಣದ ಬಾಡಿಗೆ ಕೋಣೆಯಲ್ಲಿ ಕೂತು ಅವಳು ಫೋನಿನಲ್ಲೇ ಎಲ್ಲವನ್ನೂ ನೋಡಿದಳು. ಎಲ್ಲ ಇಂಗ್ಲಿಷು. ಪಾಠದಲ್ಲಿದ್ದ ಒಲೆಯೇ ಬೇರೆ, ಯಾವುದೋ ಚಳಿದೇಶದ ಮನೆ ಬಿಸಿಮಾಡುವ ಒಲೆ. ಹಿನ್ನೆಲೆಯಲ್ಲಿ ಹಿಮ ಬೀಳುತ್ತಿತ್ತು. ಸೊಪ್ಪಿನ ಮಾತು ಎಲ್ಲೂ ಇರಲಿಲ್ಲ. ಮೋಟಾರನ್ನು ಕೈಯಲ್ಲಿ ನಡೆಸುವುದು ಹೇಗೆ ಎಂಬುದೂ ಇರಲಿಲ್ಲ.

ಕೊನೆಗೆ ಪರೀಕ್ಷೆ. ಪ್ರಶ್ನೆಗಳ ನಡುವೆ ಒಂದು ಹೀಗಿತ್ತು: ಸಂಪರ್ಕ ತಪ್ಪಿ ಯಂತ್ರ ಲಾಕ್ ಆದಾಗ ತಂತ್ರಜ್ಞರು ಏನು ಮಾಡಬೇಕು? ಕೈಯಿಂದ ಶಾಖ ಕಾಯ್ದುಕೊಳ್ಳುವುದು ಎಂಬುದು ಒಂದು ಉತ್ತರ. ಟಿಕೆಟ್ ಹಾಕಿ ಕಾಯುವುದು ಎಂಬುದು ಇನ್ನೊಂದು.

ಅವಳು ಎಷ್ಟೋ ಹೊತ್ತು ಆ ಪ್ರಶ್ನೆಯ ಮುಂದೆ ಕೂತಳು. ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಸರಿ ಉತ್ತರ ಯಾವುದೆಂದು ಅವಳಿಗೆ ಗೊತ್ತಿತ್ತು. ಅಂಕ ಬರುವ ಉತ್ತರ ಯಾವುದೆಂಬುದೂ ಗೊತ್ತಿತ್ತು. ಟಿಕೆಟ್ ಹಾಕಿ ಕಾಯುವುದು ಎಂಬುದನ್ನು ಒತ್ತಿದಳು. ಪಾಸಾದಳು. ಅಭಿನಂದನೆಗಳು ಎಂದು ಬಣ್ಣದ ಕಾಗದದ ಚೂರುಗಳು ಪರದೆಯ ತುಂಬ ಉದುರಿದವು. ಮಾರನೇ ದಿನ ಮೆಸೇಜಿನಲ್ಲಿ ಕೋಡು ಬಂತು.

ಅವಳು ಬೆಳಿಗ್ಗೆಯೇ ರಾವಂದೂರಿಗೆ ಹೊರಟಳು. ಊರ ಬಾಗಿಲಲ್ಲಿ ಕೊಡಗಿನ ಜೀಪು ನಿಂತಿತ್ತು. ಹೆಂಗಸರು, ಗಂಡಸರು ಒತ್ತೊತ್ತಾಗಿ ಕೂತಿದ್ದರು. ಹಿಂದೆ ಕಾಲು ಇಳಿಬಿಟ್ಟುಕೊಂಡು ಅಂಕಯ್ಯ.

"ಅಣ್ಣ, ಒಲೆ ತೆಗೀತಾ ಇದೀನಿ ಇವತ್ತು. ಬನ್ನಿ, ಪೂರ್ತಿ ತೋರಿಸ್ತೀನಿ. ಕಲ್ತ್ಕೊಳ್ಳಿ."

"ಕಲ್ತು?"

"ಈ ಸುತ್ತಿನ ಒಲೆ ಎಲ್ಲ ನೋಡ್ಕೋಬೋದು. ನಾನು ಒಬ್ಳೇ ಆಗಲ್ಲ."

"ಕಂಪ್ನಿ ಹೇಳ್ತಾ, ಅಂಕಯ್ಯ ಬೇಕು ಅಂತ?"

ರೂಪಶ್ರೀ ಜೀಪಿನ ಚಕ್ರದ ಕಡೆ ನೋಡಿದಳು.

"ಹೇಳ್ನಿಲ್ಲ ಅಲ್ವಾ. ಬುಡು ಕೂಸು. ತೋಟದೋರು ದಿನಾ ಕರೀತಾರೆ. ನೀನು ಒಳ್ಳೇಳು, ಆದ್ರೆ ನಿನ್ ಮಾತ್ಗೆ ನಮ್ಮನೇಲಿ ಒಲೆ ಹತ್ತಲ್ಲ." ಜೀಪು ಹೊರಟಿತು. ಅವನು ತಿರುಗಿ ನೋಡಿದ, ಕೈ ಎತ್ತಲಿಲ್ಲ.

ಮಹದೇವಪ್ಪ ಹೊಲದಲ್ಲಿದ್ದ. ಹಿಂಡಿ ಒಲೆಯನ್ನು ಹಬ್ಬದೊಳಗೆ ಕಿತ್ತುಹಾಕಿಸುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಕೊನೆಯ ಕೊಯ್ಲಿನ ಸೊಪ್ಪು ಒಂದನ್ನು ಇದರಲ್ಲೇ ಒಣಗಿಸುತ್ತೇನೆ, ಆಮೇಲೆ ಬೇಕಾದ್ದು ಮಾಡಿ ಎಂದು ಚಾಮುಂಡಮ್ಮನೂ ಹಟ ಹಿಡಿದಿದ್ದಳು. ಅವಳೇ ಬ್ಯಾರನ್ ಬಾಗಿಲು ತೆಗೆದಳು.

ರೂಪಶ್ರೀ ಮೋಟಾರಿನ ವೈರನ್ನು ಮತ್ತೆ ಬೋರ್ಡಿಗೆ ಸೇರಿಸಿದಳು, ಪೆಟ್ಟಿಗೆ ಮುಚ್ಚಿದಳು, ತನ್ನ ಹೊಸ ಲಾಗಿನ್ ಹಾಕಿದಳು, ಮತ್ತೆ ಮೂಡಿದ ಚೌಕಗಳಿಗೆ ಆರು ಅಂಕಿ ಒತ್ತಿದಳು. ಕೆಂಪು ಅಕ್ಷರ ಹೋಯಿತು. ಬ್ಲೋವರು ಗಿರ್ ಎಂದಿತು.

"ಇಷ್ಟೇನಾ?" ಎಂದಳು ಚಾಮುಂಡಮ್ಮ.

"ಇಷ್ಟೇ."

"ಇಷ್ಟಕ್ಕೆ ನಮ್ ಸೊಪ್ಪೆಲ್ಲ ಹಾಳಾಯ್ತಾ?"

ರೂಪಶ್ರೀಯ ಕಣ್ಣು ತುಂಬಿತು, ದುಃಖಕ್ಕಿಂತ ಹೆಚ್ಚಾಗಿ ರೋಷಕ್ಕೆ. ಕೋಡನ್ನು ಯಾರಿಗೂ ಹೇಳಬಾರದು ಎಂದು ಮೆಸೇಜಿನಲ್ಲಿ ದಪ್ಪಕ್ಷರದಲ್ಲಿತ್ತು.

"ಅಮ್ಮ, ಇಲ್ಲಿ ಬನ್ನಿ. ಈ ಆರು ಅಂಕಿ ಬಾಯಿಪಾಠ ಮಾಡ್ಕೊಳ್ಳಿ. ನಾನು ಬರೋಕಾಗದಿದ್ರೆ ನೀವೇ ಹಾಕಿ. ಯಾರಾದ್ರೂ ಕೇಳಿದ್ರೆ ನಾನೇ ಹೇಳಿಕೊಟ್ಟೆ ಅನ್ನಿ, ಪರವಾಗಿಲ್ಲ."

ಚಾಮುಂಡಮ್ಮ ಎರಡು ಸಲ ತಪ್ಪು ಹೇಳಿ ಮೂರನೇ ಸಲ ಸ್ಪಷ್ಟವಾಗಿ ಹೇಳಿದಳು. ಗುಂಡಿ ಒತ್ತುವುದನ್ನೂ ಮಾಡಿ ನೋಡಿದಳು.

"ಈ ನಂಬ್ರು ಯಾವಾಗ್ಲೂ ಇದೇನಾ?"

"ಇಲ್ಲ ಅಮ್ಮ. ತಿಂಗಳಿಗೊಂದು ಸಲ ಬದಲಾಗುತ್ತೆ. ಮತ್ತೆ ಪರೀಕ್ಷೆ ಬರೆದ್ರೆ ಹೊಸದು ಕೊಡ್ತಾರಂತೆ."

ಚಾಮುಂಡಮ್ಮ ಏನೋ ಕೆಟ್ಟ ಮಾತಿನಲ್ಲಿ ಬೈದಳು, ಯಾರನ್ನು ಎಂದು ಹೆಸರು ಹಿಡಿಯಲಿಲ್ಲ. ಆಮೇಲೆ ಸೊಪ್ಪು ಮುರಿಯುವ ಹೆಂಗಸರು ಹೊಲದಲ್ಲಿ ಕಾಯುತ್ತಿದ್ದಾರೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ರೂಪಶ್ರೀ ಗುಳಿಗೆಯ ಚೀಲ ಎಳೆದು ತಂದು, ಒಲೆಗೆ ತಗುಲಿಸಿದ್ದ ಡಬ್ಬಿಗೆ ಸುರಿಯತೊಡಗಿದಳು.